ಗ್ಯಾರೇಜಿನಲ್ಲಿ ಬೆಳಗಿದ ಬಲ್ಬು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಾಲೋ ಆಲ್ಟೋ ಊರಿನಲ್ಲಿ ಅಡಿಸನ್ ಅವೆನ್ಯೂ ಎಂಬ ರಸ್ತೆಯಿದೆ. ಅಲ್ಲಿಯ 367ನೇ ನಂಬರಿನ ಮನೆಯ ಹಿಂದೆ ಒಂದು ಪುಟ್ಟ ಮರದ ಗ್ಯಾರೇಜು. ಒಂದು ಕಾರು ನಿಂತರೆ ಮತ್ತೆ ಮನುಷ್ಯ ಓಡಾಡಲು ಕಷ್ಟ, ಅಷ್ಟೇ ಜಾಗ. 1987ರಲ್ಲಿ ಆ ರಾಜ್ಯದ ಸರ್ಕಾರ ಈ ಗ್ಯಾರೇಜನ್ನು ಐತಿಹಾಸಿಕ ಸ್ಮಾರಕವೆಂದು ಸಾರಿತು. ಅಲ್ಲಿ ಯಾವ ರಾಜನೂ ಹುಟ್ಟಲಿಲ್ಲ, ಯಾವ ಯುದ್ಧವೂ ನಡೆಯಲಿಲ್ಲ. ಇಬ್ಬರು ಯುವ ಎಂಜಿನಿಯರುಗಳು ಅಲ್ಲಿ ಕುಳಿತು ಒಂದು ಯಂತ್ರ ತಯಾರಿಸಿದರು, ಅಷ್ಟೆ. ಆದರೆ ಆ ಸ್ಥಳವನ್ನು ಇಂದು 'ಸಿಲಿಕಾನ್ ಕಣಿವೆಯ ಜನ್ಮಸ್ಥಳ' ಎಂದು ಕರೆಯುತ್ತಾರೆ.

ಆ ಇಬ್ಬರು ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್. ಅವರು ಕಟ್ಟಿದ ಸಂಸ್ಥೆ ಹ್ಯೂಲೆಟ್-ಪ್ಯಾಕರ್ಡ್. ಪ್ರಿಂಟರಿನ ಮೇಲೆ, ಕಂಪ್ಯೂಟರಿನ ಮೇಲೆ 'ಎಚ್‌ಪಿ' ಎಂಬ ಎರಡಕ್ಷರ ನೋಡದ ವಿದ್ಯಾರ್ಥಿ ಇಂದು ವಿರಳ. ಆದರೆ ಆ ಎರಡಕ್ಷರದ ಹಿಂದೆ ಒಂದು ಸಾಮಾನ್ಯ ವಿದ್ಯುತ್ ಬಲ್ಬಿನ ಕಥೆಯಿದೆ, ಒಬ್ಬ ಮೇಷ್ಟ್ರ ಕಥೆಯಿದೆ, ಓದಲು ಬಾರದೆಂದು ಶಾಲೆಯಲ್ಲಿ ಹಿಂದೆ ಬಿದ್ದ ಹುಡುಗನೊಬ್ಬನ ಕಥೆಯೂ ಇದೆ.

ಓದಲು ತಡವರಿಸಿದ ಹುಡುಗ

ಬಿಲ್ ಹ್ಯೂಲೆಟ್ ಹುಟ್ಟಿದ್ದು 1913ರಲ್ಲಿ. ತಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರು. ಬಿಲ್‌ಗೆ ಹನ್ನೆರಡು ವರ್ಷವಾಗಿದ್ದಾಗ ಮೆದುಳಿನ ಗೆಡ್ಡೆಯಿಂದ ಅವರು ತೀರಿಕೊಂಡರು. ಹುಡುಗನಿಗೆ ಅಕ್ಷರಗಳೆಂದರೆ ಸಂಕಟ. ಓದುವಾಗ ತಡವರಿಕೆ, ಬರೆಯುವಾಗ ತಪ್ಪು. ಇದಕ್ಕೆ 'ಡಿಸ್ಲೆಕ್ಸಿಯಾ' ಎಂಬ ಹೆಸರಿದೆ, ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ತಿಳಿವಳಿಕೆ ಆಗಿನ ಶಾಲೆಗಳಿಗೆ ಇರಲಿಲ್ಲ. ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳಲಾಗದ ಹುಡುಗ ಕಿವಿಗೊಟ್ಟು ಕೇಳಿ ನೆನಪಿಟ್ಟುಕೊಳ್ಳುವುದನ್ನು ರೂಢಿಸಿಕೊಂಡ. ಗಣಿತ, ವಿಜ್ಞಾನದಲ್ಲಿ ಮಾತ್ರ ಚುರುಕು.

ಪ್ರೌಢಶಾಲೆ ಮುಗಿದಾಗ ಸ್ಟ್ಯಾನ್‌ಫರ್ಡ್ ಸೇರಲು ಮುಖ್ಯೋಪಾಧ್ಯಾಯರ ಶಿಫಾರಸು ಬೇಕಾಯಿತು. ಅಂಕಪಟ್ಟಿ ನೋಡಿದ ಅವರು, ಶಿಫಾರಸು ಮಾಡುವಂಥದ್ದು ಇದರಲ್ಲಿ ಏನೂ ಇಲ್ಲವಲ್ಲ, ಅಲ್ಲಿಗೇ ಏಕೆ ಹೋಗಬೇಕಂತೆ ಎಂದು ತಾಯಿಯನ್ನು ಕೇಳಿದರು. ಅವನ ತಂದೆ ಅಲ್ಲಿ ಪಾಠ ಹೇಳುತ್ತಿದ್ದರು ಎಂದರು ತಾಯಿ. ತಂದೆಯ ಹೆಸರು ಕೇಳುತ್ತಲೇ ಮುಖ್ಯೋಪಾಧ್ಯಾಯರ ಮುಖ ಅರಳಿತು. ತಾವು ಕಂಡ ಶಿಷ್ಯರಲ್ಲೆಲ್ಲ ಉತ್ತಮನಾದವನು ಅವನೇ ಎಂದವರು ಶಿಫಾರಸು ಬರೆದುಕೊಟ್ಟರು. ಮಗನ ಅಂಕಗಳಿಗೆ ತೆರೆಯದ ಬಾಗಿಲು ತಂದೆಯ ನೆನಪಿಗೆ ತೆರೆಯಿತು.

ಸ್ಟ್ಯಾನ್‌ಫರ್ಡಿನಲ್ಲಿ ಅವನಿಗೆ ಸಿಕ್ಕ ಗೆಳೆಯ ಡೇವಿಡ್ ಪ್ಯಾಕರ್ಡ್. ಕೊಲರಾಡೊ ರಾಜ್ಯದ ಪ್ಯೂಬ್ಲೊ ಊರಿನ ವಕೀಲರ ಮಗ. ಎತ್ತರದ ಆಳು, ಒಳ್ಳೆಯ ಆಟಗಾರ, ಚಿಕ್ಕಂದಿನಿಂದ ರೇಡಿಯೊ ಹುಚ್ಚು. 1934ರಲ್ಲಿ ಇಬ್ಬರೂ ಪದವಿ ಪಡೆದರು. ಪದವಿ ಮುಗಿದೊಡನೆ ಎರಡು ವಾರ ಬೆಟ್ಟಗಾಡಿನಲ್ಲಿ ಡೇರೆ ಹಾಕಿ, ಮೀನು ಹಿಡಿದು ಕಾಲ ಕಳೆದಾಗ ಅವರ ಸ್ನೇಹ ಗಟ್ಟಿಯಾಯಿತು.

ಮೇಷ್ಟ್ರು ತೋರಿದ ದಾರಿ

ಈ ಇಬ್ಬರನ್ನೂ ಗುರುತಿಸಿದವರು ರೇಡಿಯೊ ಎಂಜಿನಿಯರಿಂಗ್ ಪ್ರಾಧ್ಯಾಪಕ ಫ್ರೆಡ್ ಟರ್ಮನ್. ಅವರು ಪಠ್ಯಪುಸ್ತಕ ಬರೆದ ಪಂಡಿತರು. ಆದರೆ ಪಾಠವನ್ನು ಕರಿಹಲಗೆಗೇ ಮುಗಿಸುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ಸುತ್ತಮುತ್ತಲಿನ ಸಣ್ಣ ಸಣ್ಣ ರೇಡಿಯೊ ಕಾರ್ಖಾನೆಗಳಿಗೆ ಕರೆದೊಯ್ಯುತ್ತಿದ್ದರು. ಹೆಚ್ಚು ಓದದವರೇ ಇಷ್ಟೊಂದು ಕಟ್ಟಿದ್ದಾರೆ, ಓದಿದ ನೀವು ಎಷ್ಟು ಕಟ್ಟಬಹುದು, ಯೋಚಿಸಿ ಎನ್ನುತ್ತಿದ್ದರು.

ಆದರೆ ಕಾಲ ಕೆಟ್ಟದಾಗಿತ್ತು. 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನಿಂದ ಅಮೆರಿಕ ಇನ್ನೂ ಚೇತರಿಸಿಕೊಂಡಿರಲಿಲ್ಲ. ಪ್ಯಾಕರ್ಡ್‌ಗೆ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಕೆಲಸ ಸಿಕ್ಕಿದ್ದೇ ದೊಡ್ಡದು. ಟರ್ಮನ್ನರೇ ಅದನ್ನು ಒಪ್ಪಿಕೋ ಎಂದು ಕಳುಹಿಸಿದರು. ಕಂಪೆನಿ ಕಟ್ಟುವ ಕನಸು ಕಾಯಲಿ, ಅನುಭವ ಮೊದಲಾಗಲಿ ಎಂಬುದು ಅವರ ಎಣಿಕೆ.

ಅಲ್ಲಿ ಪ್ಯಾಕರ್ಡ್ ಕಲಿತ ಒಂದು ಪಾಠ ಅವನ ಇಡೀ ಬದುಕಿಗೆ ಒದಗಿತು. ಪಾದರಸದ ಆವಿ ತುಂಬಿದ ವಿದ್ಯುತ್ ಕೊಳವೆಗಳನ್ನು ತಯಾರಿಸುವ ವಿಭಾಗದಲ್ಲಿ ಹಿಂದಿನ ಕಂತಿನ ಕೊಳವೆಗಳೆಲ್ಲ ಪರೀಕ್ಷೆಯಲ್ಲಿ ಕೆಟ್ಟು ಹೋಗಿದ್ದವು. ಪ್ಯಾಕರ್ಡ್ ಕಚೇರಿಯ ಮೇಜು ಬಿಟ್ಟು ಕಾರ್ಖಾನೆಗೆ ಇಳಿದು ಕೆಲಸಗಾರರ ಪಕ್ಕದಲ್ಲೇ ನಿಂತ. ಕೊಟ್ಟಿದ್ದ ಲಿಖಿತ ಸೂಚನೆಗಳು ಸಾಲುತ್ತಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಪ್ರತಿ ಹಂತವನ್ನೂ ಅವರೊಂದಿಗೆ ಕೂಡಿ ಪರಿಶೀಲಿಸಿದ. ಆ ಕಂತಿನ ಪ್ರತಿಯೊಂದು ಕೊಳವೆಯೂ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಕೆಲಸ ಕೆಟ್ಟಾಗ ಕೆಲಸಗಾರನನ್ನು ಬೈಯುವ ಮೊದಲು ಅವನ ಪಕ್ಕದಲ್ಲಿ ನಿಂತು ನೋಡಬೇಕು ಎಂಬುದೇ ಆ ಪಾಠ.

1938ರಲ್ಲಿ ಟರ್ಮನ್ ಸಂಶೋಧನಾ ವೇತನವೊಂದನ್ನು ಹೊಂದಿಸಿ ಪ್ಯಾಕರ್ಡ್‌ನನ್ನು ಮರಳಿ ಕರೆಸಿದರು. ಪ್ಯಾಕರ್ಡ್ ಕೆಲಸ ಬಿಟ್ಟು ಬರಲಿಲ್ಲ, ರಜೆ ಪಡೆದು ಬಂದ. ಹೊಸದಾಗಿ ಮದುವೆಯಾಗಿದ್ದ ಪ್ಯಾಕರ್ಡ್ ದಂಪತಿಗಳು ಅಡಿಸನ್ ಅವೆನ್ಯೂ ಮನೆಯ ನೆಲ ಅಂತಸ್ತನ್ನು ಬಾಡಿಗೆಗೆ ಹಿಡಿದರು. ಹ್ಯೂಲೆಟ್ ಹಿತ್ತಿಲಿನ ಚಿಕ್ಕ ಕೊಠಡಿಯಲ್ಲಿ ಮಲಗುತ್ತಿದ್ದ. ಪತ್ನಿ ಲೂಸಿಲ್ ವಿಶ್ವವಿದ್ಯಾಲಯದ ಕಚೇರಿಯಲ್ಲಿ ದುಡಿದು ತರುತ್ತಿದ್ದ ಸಂಬಳ ಮನೆಗೆ ಆಸರೆ. ನಗದು ಮತ್ತು ಒಂದು ಹಳೆಯ ಡ್ರಿಲ್ಲಿಂಗ್ ಮೆಷಿನ್ ಸೇರಿ ಗೆಳೆಯರ ಬಂಡವಾಳ 538 ಡಾಲರ್.

ಏನು ತಯಾರಿಸಬೇಕು ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ. ಯಾರು ಏನು ಕೇಳಿದರೆ ಅದನ್ನು ಮಾಡಿಕೊಟ್ಟರು. ಲಿಕ್ ವೀಕ್ಷಣಾಲಯದ ದೂರದರ್ಶಕವನ್ನು ತಿರುಗಿಸುವ ಮೋಟಾರಿಗೆ ನಿಯಂತ್ರಕ, ಬೌಲಿಂಗ್ ಆಟದಲ್ಲಿ ಆಟಗಾರ ಗೆರೆ ದಾಟಿದರೆ ಎಚ್ಚರಿಸುವ ಸಾಧನ, ಶೌಚಾಲಯದಲ್ಲಿ ತಾನಾಗಿ ನೀರು ಹರಿಸುವ ಸಾಧನ, ಹೀಗೆ. ಇವು ಯಾವುವೂ ಕಂಪೆನಿಯಾಗಿ ನಿಲ್ಲುವಂಥವಲ್ಲ. ಕಂಪೆನಿಯನ್ನು ನಿಲ್ಲಿಸಿದ್ದು ಹ್ಯೂಲೆಟ್‌ನ ಪ್ರಬಂಧದಲ್ಲಿದ್ದ ಒಂದು ಬಲ್ಬು.

ಬಲ್ಬಿನ ಕರಾಮತ್ತು

ರೇಡಿಯೊ, ಟೆಲಿಫೋನು, ಧ್ವನಿವರ್ಧಕಗಳನ್ನು ಪರೀಕ್ಷಿಸಲು ಬೇಕಾದ ಆವೃತ್ತಿಯ ಶುದ್ಧ ವಿದ್ಯುತ್ ಅಲೆಯನ್ನು ಉಂಟುಮಾಡುವ ಉಪಕರಣ ಬೇಕು. ಅದೇ ಆಂದೋಲಕ. ಅದರ ತತ್ವವನ್ನು ಉಯ್ಯಾಲೆಯಿಂದ ತಿಳಿಯಬಹುದು. ಉಯ್ಯಾಲೆ ಒಂದೇ ಎತ್ತರಕ್ಕೆ ಜೀಕುತ್ತಿರಬೇಕಾದರೆ, ಗಾಳಿಯ ಮತ್ತು ಹಗ್ಗದ ತಿಕ್ಕಾಟದಿಂದ ಕಳೆದುಹೋದಷ್ಟೇ ಶಕ್ತಿಯನ್ನು ಪ್ರತಿ ಸಲ ತಳ್ಳಿ ತುಂಬಬೇಕು. ಕಡಿಮೆ ತಳ್ಳಿದರೆ ನಿಂತುಹೋಗುತ್ತದೆ. ಹೆಚ್ಚು ತಳ್ಳಿದರೆ ಮೇಲೆ ಮೇಲೆ ಏರಿ ತೊಲೆಗೆ ಬಡಿಯುತ್ತದೆ. ಆಂದೋಲಕದಲ್ಲಿಯೂ ಹೀಗೆಯೇ. ವರ್ಧಕದಿಂದ ಹೊರಬಂದ ಅಲೆಯ ಒಂದು ಭಾಗವನ್ನು ಹಿಂದಕ್ಕೆ ಕೊಟ್ಟು ಅದೇ ಅಲೆಯನ್ನು ಮುಂದುವರಿಸುತ್ತಾರೆ. ವರ್ಧನೆ ಕೊಂಚ ಕಡಿಮೆಯಾದರೆ ಅಲೆ ಸಾಯುತ್ತದೆ; ಕೊಂಚ ಹೆಚ್ಚಾದರೆ ಬೆಳೆದು ವಿರೂಪಗೊಳ್ಳುತ್ತದೆ. ಇದನ್ನು ಸರಿತೂಗಿಸಲು ಆಗಿನ ಉಪಕರಣಗಳಲ್ಲಿ ತೊಡಕಿನ ಮಂಡಲಗಳಿದ್ದವು. ಹಾಗಾಗಿ ಬೆಲೆಯೂ ವಿಪರೀತ.

ಹ್ಯೂಲೆಟ್ ವರ್ಧನೆಯನ್ನು ಹಿಡಿತದಲ್ಲಿಡುವ ಮಂಡಲದ ಜಾಗದಲ್ಲಿ ಒಂದು ಸಣ್ಣ ಬಲ್ಬನ್ನು ಸೇರಿಸಿದ. ಬಲ್ಬಿನ ಟಂಗ್‌ಸ್ಟನ್ ತಂತಿ ಕಾದಷ್ಟೂ ಅದರ ರೋಧ ಹೆಚ್ಚುತ್ತದೆ. ಅಲೆ ದೊಡ್ಡದಾದರೆ ತಂತಿ ಹೆಚ್ಚು ಕಾಯುತ್ತದೆ, ರೋಧ ಏರುತ್ತದೆ, ವರ್ಧನೆ ತಾನಾಗಿ ಇಳಿಯುತ್ತದೆ. ಅಲೆ ಚಿಕ್ಕದಾದರೆ ತಂತಿ ತಣಿಯುತ್ತದೆ, ವರ್ಧನೆ ಏರುತ್ತದೆ. ಕೆಲವೇ ಸೆಂಟುಗಳ ಬಲ್ಬು ಕಾವಲುಗಾರನಂತೆ ನಿಂತು ಅಲೆಯನ್ನು ಒಂದೇ ಮಟ್ಟದಲ್ಲಿ ಕಾಯಿತು!

ಇದನ್ನು ವಿದ್ಯಾರ್ಥಿಗಳು ಶಾಲೆಯಲ್ಲೇ ಪರೀಕ್ಷಿಸಬಹುದು. 230 ವೋಲ್ಟಿನ, 60 ವಾಟಿನ ಹಳೆಯ ಮಾದರಿಯ ತಂತಿ ಬಲ್ಬು ಉರಿಯುವಾಗ ಅದರ ರೋಧ ಎಷ್ಟೆಂದು ಲೆಕ್ಕ ಹಾಕಿದರೆ ಸುಮಾರು 880 ಓಮ್ ಬರುತ್ತದೆ. ಹೋಲ್ಡರಿನಿಂದ ಬಿಚ್ಚಿದ, ತಣ್ಣಗಿರುವ ಅದೇ ಬಲ್ಬನ್ನು ಮಲ್ಟಿಮೀಟರಿನಿಂದ ಅಳೆದರೆ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ತೋರಿಸುತ್ತದೆ. ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ಸಂಗತಿಯ ಮೇಲೆಯೇ ಒಂದು ಕಂಪೆನಿ ಎದ್ದು ನಿಂತಿತು.

ಬೆಲೆ ಕಟ್ಟುವಲ್ಲಿ ಎಡವಟ್ಟು

1939ರ ಜನವರಿ 1ರಂದು ಪಾಲುದಾರಿಕೆ ವಿಧಿವತ್ತಾಗಿ ಆರಂಭವಾಯಿತು. ಯಾರ ಹೆಸರು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಉಪಕರಣಕ್ಕೆ '200ಎ' ಎಂದು ಹೆಸರಿಟ್ಟರು. ಒಂದನೇ ನಂಬರು ಕೊಟ್ಟರೆ ಇವರು ನಿನ್ನೆ ಮೊನ್ನೆ ಅಂಗಡಿ ತೆರೆದವರೆಂದು ಗಿರಾಕಿಗಳಿಗೆ ತಿಳಿದುಹೋದೀತು ಎಂಬ ಅಳುಕು! ಪೆಟ್ಟಿಗೆಯ ತಗಡಿಗೆ ಬಳಿದ ಬಣ್ಣವನ್ನು ಒಣಗಿಸಿದ್ದು ಲೂಸಿಲ್‌ಳ ಅಡುಗೆಮನೆಯ ಓವನ್ನಿನಲ್ಲಿ.

ಟರ್ಮನ್ ಕೊಟ್ಟ ಸುಮಾರು ಇಪ್ಪತ್ತೈದು ವಿಳಾಸಗಳಿಗೆ ಪತ್ರ ಬರೆದರು. ಕೆಲವರಿಂದ ಆರ್ಡರೂ ಬಂತು, ಜೊತೆಗೆ ಚೆಕ್ಕೂ ಬಂತು. ಬೆಲೆ 54 ಡಾಲರ್ 40 ಸೆಂಟ್. ಆ ಸಂಖ್ಯೆಯನ್ನು ಅವರು ಖರ್ಚಿನ ಲೆಕ್ಕ ಹಾಕಿ ಇಟ್ಟದ್ದಲ್ಲ. ಅಮೆರಿಕದ ಇತಿಹಾಸದ ಗಡಿ ವಿವಾದವೊಂದರ ಪ್ರಸಿದ್ಧ ಘೋಷಣೆಯಲ್ಲಿದ್ದ ಅಂಕಿ ಎಂದು ಇಟ್ಟದ್ದು. ತಯಾರಿಸಲು ತೊಡಗಿದ ಮೇಲೆ ಆ ಬೆಲೆಗೆ ಉಪಕರಣ ಮಾಡಲಾಗದೆಂದು ಗೊತ್ತಾಯಿತು. ಅದೃಷ್ಟಕ್ಕೆ ಎದುರಾಳಿ ಕಂಪೆನಿಯ ಉಪಕರಣದ ಬೆಲೆ ಸುಮಾರು 400 ಡಾಲರ್. ಹಾಗಾಗಿ ಬೆಲೆ ಏರಿಸಲು ಅವಕಾಶವಿತ್ತು, ಬದುಕಿಕೊಂಡರು. ಎಂಜಿನಿಯರಿಂಗ್ ಬಲ್ಲವರಿಗೂ ಲೆಕ್ಕಪತ್ರ ತಿಳಿದಿರಬೇಕೆಂಬುದನ್ನು ಅಂದು ಕಲಿತರು.

ವಾಲ್ಟ್ ಡಿಸ್ನಿ ಸ್ಟುಡಿಯೊದ ಧ್ವನಿ ಎಂಜಿನಿಯರು ಉಪಕರಣವನ್ನು ಮೆಚ್ಚಿ ಕೆಲವು ಬದಲಾವಣೆ ಕೇಳಿದರು. ಹಾಗೆ ಸಿದ್ಧವಾದ '200ಬಿ'ಯನ್ನು ತಲಾ 71 ಡಾಲರ್ 50 ಸೆಂಟಿನಂತೆ ಎಂಟು ಕೊಂಡರು. 1940ರಲ್ಲಿ ತೆರೆಕಂಡ 'ಫ್ಯಾಂಟೇಸಿಯಾ' ಚಿತ್ರದ ಧ್ವನಿ ವ್ಯವಸ್ಥೆಗೆ ಅವು ಬಳಕೆಯಾದವು. ಮೊದಲ ವರ್ಷದ ಒಟ್ಟು ವ್ಯಾಪಾರ 5,369 ಡಾಲರ್, ಲಾಭ 1,563 ಡಾಲರ್. ಅಲ್ಲಿಂದ ಮುಂದೆ ಗ್ಯಾರೇಜು ಸಾಲದಾಯಿತು.

ಬೆಳೆಯುವುದು ಇನ್ನೂ ಕಷ್ಟ

ಆರಂಭಿಸುವುದಕ್ಕಿಂತ ಬೆಳೆಸುವುದು ಕಷ್ಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಡಿಕೆ ಉಕ್ಕಿತು. ಹ್ಯೂಲೆಟ್ ಸೈನ್ಯಕ್ಕೆ ಹೋದ, ಪ್ಯಾಕರ್ಡ್ ಹಗಲಿರುಳು ದುಡಿದ. ಯುದ್ಧ ಮುಗಿದೊಡನೆ ಬೇಡಿಕೆ ಕುಸಿದು ಹಲವರನ್ನು ಕೆಲಸದಿಂದ ಬಿಡಿಸಬೇಕಾಯಿತು. ಆ ನೋವನ್ನು ಅವರು ಮರೆಯಲಿಲ್ಲ. ದೊಡ್ಡ ಗುತ್ತಿಗೆ ಬಂತೆಂದು ಜನರನ್ನು ತುಂಬಿಕೊಂಡು, ಮುಗಿಯಿತೆಂದು ಹೊರಹಾಕುವ ವ್ಯಾಪಾರ ಬೇಡವೆಂದು ನಿಶ್ಚಯಿಸಿದರು. ಸಾಲದ ಮೇಲೆ ಬೆಳೆಯದೆ, ಬಂದ ಲಾಭವನ್ನೇ ಮತ್ತೆ ಹೂಡಿ ಬೆಳೆದರು. 1957ರಲ್ಲಷ್ಟೇ ಷೇರುಗಳನ್ನು ಸಾರ್ವಜನಿಕರಿಗೆ ನೀಡಿದರು.

ಒಂದು ರಜಾದಿನ ಹ್ಯೂಲೆಟ್ ಕಾರ್ಖಾನೆಗೆ ಬಂದಾಗ ಉಪಕರಣಗಳ ಉಗ್ರಾಣಕ್ಕೆ ಬೀಗ ಹಾಕಿತ್ತು. ಅವರು ಬೀಗವನ್ನು ಕತ್ತರಿಸಿ ತೆಗೆದು, ಇನ್ನು ಮುಂದೆ ಈ ಬಾಗಿಲಿಗೆ ಬೀಗ ಹಾಕಕೂಡದೆಂದು ಚೀಟಿ ಬರೆದಿಟ್ಟು ಹೋದರು. ಬಿಡುವಿನಲ್ಲಿ ಏನಾದರೂ ಮಾಡಿ ನೋಡಬೇಕೆನ್ನುವ ಕೆಲಸಗಾರನಿಗೆ ಉಪಕರಣ ಸಿಗಬೇಕು. ಅವನನ್ನು ಕಳ್ಳನೆಂದು ಶಂಕಿಸಿದರೆ ಹೊಸದು ಹುಟ್ಟುವುದಿಲ್ಲ ಎಂಬುದು ಅವರ ನಂಬಿಕೆ.

ಈ ನಂಬಿಕೆಗೆ ನಿಜವಾದ ಪರೀಕ್ಷೆ ಬಂದದ್ದು 1970ರಲ್ಲಿ. ಆರ್ಡರುಗಳು ಇಳಿದು, ಇರುವ ಜನಕ್ಕೆ ಶೇಕಡಾ 10ರಷ್ಟು ಕೆಲಸ ಕಡಿಮೆಯಾಯಿತು. ಹತ್ತರಲ್ಲಿ ಒಬ್ಬರನ್ನು ಮನೆಗೆ ಕಳುಹಿಸುವುದು ಸುಲಭದ ದಾರಿ. ಅದರ ಬದಲು, ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರೂ ಎರಡು ವಾರಕ್ಕೆ ಒಂದು ಶುಕ್ರವಾರ ರಜೆ ಪಡೆದು ಶೇಕಡಾ 10ರಷ್ಟು ಸಂಬಳ ಬಿಟ್ಟುಕೊಟ್ಟರು. ಸುಮಾರು ಆರು ತಿಂಗಳಲ್ಲಿ ಬೇಡಿಕೆ ಮರಳಿತು. ನುರಿತ ಕೈಗಳು ಎಲ್ಲವೂ ಇದ್ದಲ್ಲೇ ಇದ್ದವು.

ಗೆದ್ದದ್ದು, ತಪ್ಪಿದ್ದು

ಮೇಜಿನ ಮೇಲಿಡುವ ದೊಡ್ಡ ಗಣಕಯಂತ್ರವನ್ನು ಅಂಗಿಯ ಜೇಬಿಗೆ ಇಳಿಸಬೇಕೆಂಬುದು ಹ್ಯೂಲೆಟ್‌ರ ಹಟ. ಮಾರುಕಟ್ಟೆ ತಜ್ಞರು ಬೇಡವೆಂದರು. ಅಗ್ಗದ ಸ್ಲೈಡ್ ರೂಲ್ ಕೈಯಲ್ಲಿರುವಾಗ 395 ಡಾಲರ್ ಕೊಟ್ಟು ಇದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ. ಹ್ಯೂಲೆಟ್ ಕೇಳಲಿಲ್ಲ. 1972ರಲ್ಲಿ ಬಂದ 'ಎಚ್‌ಪಿ-35' ಕ್ಯಾಲ್ಕುಲೇಟರು ಹತ್ತು ಸಾವಿರ ಮಾರಾಟವಾದರೆ ಹಾಕಿದ ಹಣ ಹುಟ್ಟುತ್ತಿತ್ತು. ಮೊದಲ ವರ್ಷದಲ್ಲೇ ಒಂದು ಲಕ್ಷ ಮಾರಾಟವಾಯಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಿಂದ ಸ್ಲೈಡ್ ರೂಲ್ ಮಾಯವಾಯಿತು.

ಆದರೆ ಪ್ರತಿ ಸಲವೂ ಕಣ್ಣು ಸರಿಯಾಗಿ ಕಂಡಿತೆಂದಲ್ಲ. ಅದೇ ಕ್ಯಾಲ್ಕುಲೇಟರು ವಿಭಾಗದಲ್ಲಿದ್ದ ಸ್ಟೀವ್ ವೊಜ್ನಿಯಾಕ್ ಎಂಬ ಯುವಕ ಒಂದು ಪುಟ್ಟ ಕಂಪ್ಯೂಟರನ್ನು ಕಟ್ಟಿ ಕಂಪೆನಿಯ ಮುಂದಿಟ್ಟ. ಕಂಪೆನಿ ಬೇಡವೆಂದಿತು. 1976ರಲ್ಲಿ ಅವನು ಗೆಳೆಯ ಸ್ಟೀವ್ ಜಾಬ್ಸ್ ಜೊತೆ ಸೇರಿ 'ಆ್ಯಪಲ್' ಕಂಪೆನಿ ತೆರೆದ. ಈ ಜಾಬ್ಸ್ ಹನ್ನೆರಡು-ಹದಿಮೂರರ ಹುಡುಗನಾಗಿದ್ದಾಗ ಟೆಲಿಫೋನ್ ಪುಸ್ತಕದಲ್ಲಿ ಹ್ಯೂಲೆಟ್‌ರ ನಂಬರು ಹುಡುಕಿ ಫೋನು ಮಾಡಿ, ತನ್ನ ಪ್ರಯೋಗಕ್ಕೆ ಬಿಡಿಭಾಗ ಬೇಕೆಂದು ಕೇಳಿದ್ದನಂತೆ. ಹ್ಯೂಲೆಟ್ ಬಿಡಿಭಾಗವನ್ನೂ ಕೊಟ್ಟರು, ಬೇಸಿಗೆ ರಜೆಗೆ ಕೆಲಸವನ್ನೂ ಕೊಟ್ಟರು. ಮಕ್ಕಳ ಪ್ರಶ್ನೆಗೆ ಕಿವಿಗೊಡುವುದು ಹ್ಯೂಲೆಟ್‌ರಿಗೆ ಕಷ್ಟವಾಗಲಿಲ್ಲ. ತಮ್ಮದೇ ಎಂಜಿನಿಯರನ ಹೊಸ ವಿಚಾರಕ್ಕೆ ಕಿವಿಗೊಡುವುದು ದೊಡ್ಡದಾಗಿ ಬೆಳೆದ ಕಂಪೆನಿಗೆ ಕಷ್ಟವಾಯಿತು.

ಪ್ಯಾಕರ್ಡ್ 1996ರಲ್ಲಿ, ಹ್ಯೂಲೆಟ್ 2001ರಲ್ಲಿ ತೀರಿಕೊಂಡರು. ಬಲ್ಬಿನಿಂದ ಆರಂಭವಾದ ಅಳತೆಯ ಉಪಕರಣಗಳ ವಿಭಾಗ 1999ರಲ್ಲೇ ಬೇರೆ ಕಂಪೆನಿಯಾಯಿತು. ಉಳಿದದ್ದು 2015ರಲ್ಲಿ ಮತ್ತೆ ಎರಡಾಯಿತು. ಕಂಪೆನಿಗಳೂ ಮನೆತನಗಳಂತೆ, ಬೆಳೆಯುತ್ತವೆ, ಹಿಸೆಯಾಗುತ್ತವೆ.

ಇಬ್ಬರೂ ತಮ್ಮ ಮೇಷ್ಟ್ರನ್ನು ಮಾತ್ರ ಮರೆಯಲಿಲ್ಲ. 1977ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಎದ್ದ ಎಂಜಿನಿಯರಿಂಗ್ ಕೇಂದ್ರಕ್ಕೆ ಹಣ ಕೊಟ್ಟವರು ಅವರು. ಅದಕ್ಕೆ ಇಟ್ಟ ಹೆಸರು ಟರ್ಮನ್ನರದು. ಆ ಕಟ್ಟಡ ಇಂದು ಅಲ್ಲಿಲ್ಲ, ಗ್ಯಾರೇಜು ಇದೆ.

ಮಗ ಅಥವಾ ಮಗಳು ರಿಪೇರಿಯ ರೇಡಿಯೊ ಬಿಚ್ಚಿ ಕುಳಿತಾಗ ಗದರಿಸುವ ಮುನ್ನ ತಂದೆತಾಯಿಗಳು ಈ ಗ್ಯಾರೇಜನ್ನು ಒಮ್ಮೆ ನೆನೆಯಬಹುದು. ಹಾಗೆಯೇ, ನಾಳೆಯೇ ಕಂಪೆನಿ ತೆರೆಯುವೆನೆಂದು ಹೊರಡುವ ವಿದ್ಯಾರ್ಥಿಗಳೂ ಒಂದು ಮಾತು ನೆನೆಯಬೇಕು. 1934ರಲ್ಲಿ ಪದವಿ ಪಡೆದ ಆ ಗೆಳೆಯರು ಕಂಪೆನಿ ತೆರೆದದ್ದು 1939ರಲ್ಲಿ. ನಡುವಿನ ಐದು ವರ್ಷ ಒಬ್ಬ ಕಾರ್ಖಾನೆಯಲ್ಲಿ ಕೈ ಮಸಿ ಮಾಡಿಕೊಂಡ, ಇನ್ನೊಬ್ಬ ಪ್ರಯೋಗಶಾಲೆಯಲ್ಲಿ ಕಣ್ಣು ಉರಿಸಿಕೊಂಡ. ಬಲ್ಬು ಹತ್ತಿದ್ದು ಆ ಮೇಲೆ.