ವಾರ್ಡಿನಲ್ಲೇ ಕಣ್ತಪ್ಪುವ ಹೃದಯಾಘಾತ

ಆಸ್ಪತ್ರೆಯಲ್ಲಿರುವಾಗ ಹೃದಯಾಘಾತವಾದರೆ ಕೂಡಲೇ ಚಿಕಿತ್ಸೆ ಸಿಗುತ್ತದೆ, ಜೀವ ಉಳಿಯುತ್ತದೆ ಎಂಬುದು ನಮ್ಮಲ್ಲಿ ಬಹುತೇಕರ ನಂಬಿಕೆ. ಅಂಕಿಅಂಶಗಳು ಹೇಳುವುದೇ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆಸ್ಪತ್ರೆಗಳ 2008ರಿಂದ 2011ರವರೆಗಿನ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತೀವ್ರ ಹೃದಯಾಘಾತವಾಗಿ ಹೊರಗಿನಿಂದ ಆಸ್ಪತ್ರೆಗೆ ಬಂದವರಲ್ಲಿ ಸುಮಾರು ಶೇ 9ರಷ್ಟು ಮಂದಿ ಮೃತಪಟ್ಟಿದ್ದರೆ, ಬೇರೆ ಕಾಯಿಲೆಗೆಂದು ದಾಖಲಾಗಿ ಅಲ್ಲಿಯೇ ಆಘಾತಕ್ಕೊಳಗಾದವರಲ್ಲಿ ಸತ್ತವರು ಶೇ 33ಕ್ಕೂ ಹೆಚ್ಚು. ಒಳರೋಗಿಗಳು ಮೊದಲೇ ಬಳಲಿದವರು ಎಂಬುದು ಇದಕ್ಕೊಂದು ಕಾರಣ. ರೋಗಪತ್ತೆಯಲ್ಲಿನ ವಿಳಂಬವೂ ಅಷ್ಟೇ ಗಂಭೀರವಾದ ಸಮಸ್ಯೆ ಎಂದು ನಾನು ಭಾವಿಸುತ್ತೇನೆ.

ಮೊದಲ ತೊಡಕು ದೇಹದ್ದೇ. ಶಸ್ತ್ರಚಿಕಿತ್ಸೆಯ ನಂತರ ನೀಡುವ ನೋವು ನಿವಾರಕಗಳು ಎದೆನೋವನ್ನೂ ಮರೆಮಾಚುತ್ತವೆ. ಮಧುಮೇಹಿಗಳಲ್ಲಿ, ವೃದ್ಧರಲ್ಲಿ ನೋವು ಕಾಣಿಸಿಕೊಳ್ಳದೆಯೂ ಇರಬಹುದು. 23 ದೇಶಗಳ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಹೃದಯಾಘಾತವಾದವರ ಪೈಕಿ ಶೇ 65ರಷ್ಟು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ. ಬಹುಪಾಲು ಆಘಾತಗಳು ಮೊದಲ 48 ಗಂಟೆಗಳಲ್ಲೇ ಸಂಭವಿಸಿದ್ದವು.

ಎರಡನೆಯದು ವ್ಯವಸ್ಥೆಯ ತೊಡಕು. ತುರ್ತು ಚಿಕಿತ್ಸಾ ವಿಭಾಗಕ್ಕೆ ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬ ನಿಯಮವಿದೆ. ವಾರ್ಡಿನಲ್ಲಿ ಆ ತುರ್ತು ಕಾಣುವುದಿಲ್ಲ. ಮಂಡಿ ಶಸ್ತ್ರಚಿಕಿತ್ಸೆಯಾಗಿದ್ದ ನನ್ನ ಬಂಧುವೊಬ್ಬರು ರಾತ್ರಿ ಬೆವತು, ಏದುಸಿರು ಬಿಟ್ಟಾಗ ಸಿಕ್ಕ ಉತ್ತರ ‘ಗ್ಯಾಸ್ಟ್ರಿಕ್’ ಎಂಬುದು. ದಾದಿ ಡ್ಯೂಟಿ ಡಾಕ್ಟರಿಗೆ, ಅವರು ಮೂಳೆ ತಜ್ಞರಿಗೆ, ಅವರು ಹೃದ್ರೋಗ ತಜ್ಞರಿಗೆ ತಿಳಿಸುವಷ್ಟರಲ್ಲಿ ಬೆಳಗಾಗಿತ್ತು. ಅವರು ಬದುಕುಳಿದರು, ಆದರೆ ಹೃದಯದ ಶಕ್ತಿ ಕುಂದಿತು. ಇಲ್ಲಿ ಯಾರೊಬ್ಬರೂ ನಿರ್ದಯಿಗಳಲ್ಲ. ಹೊಣೆ ಯಾರದೆಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ಪತ್ತೆಯಾದ ನಂತರವೂ ಹಾದಿ ಸುಗಮವಲ್ಲ. ಹಸಿ ಗಾಯವಿರುವವರಿಗೆ ರಕ್ತ ಹೆಪ್ಪು ಕರಗಿಸುವ ಔಷಧ ಕೊಡುವುದು ಅಪಾಯಕರ. ಆದ್ದರಿಂದಲೇ ಇವರ ಪಾಲಿಗೆ ಪ್ರತಿ ನಿಮಿಷವೂ ಅಮೂಲ್ಯ.

ಪರಿಹಾರಗಳು ದುಬಾರಿಯೇನಲ್ಲ. ವೈದ್ಯರ ಆದೇಶಕ್ಕೆ ಕಾಯದೆ ಇಸಿಜಿ ತೆಗೆಯುವ ಅಧಿಕಾರ ದಾದಿಯರಿಗಿರಬೇಕು. ಹೋಲಿಕೆಗಾಗಿ ಹಳೆಯ ಇಸಿಜಿ ಕಡತದಲ್ಲೇ ಇರಬೇಕು. ಹೃದ್ರೋಗದ ಅಪಾಯವಿರುವವರಿಗೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಹಾಗೂ ನಂತರದ 24 ಮತ್ತು 48 ಗಂಟೆಗಳಲ್ಲಿ ಟ್ರೋಪೋನಿನ್ ರಕ್ತಪರೀಕ್ಷೆ ನಡೆಸಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2022ರಲ್ಲಿ ಶಿಫಾರಸು ಮಾಡಿದೆ. ನಮ್ಮ ಆಸ್ಪತ್ರೆಗಳೂ ಇದನ್ನು ಪರಿಶೀಲಿಸಲಿ. ‘ಒಂದು ಇಸಿಜಿ ತೆಗೆಯಿರಿ’ ಎಂದು ರೋಗಿಯ ಕಡೆಯವರು ಕೇಳಿದರೆ ಅದನ್ನು ವೈದ್ಯರ ಮೇಲಿನ ಅಪನಂಬಿಕೆಯೆಂದು ಯಾರೂ ಭಾವಿಸಬೇಕಿಲ್ಲ.