ಜ್ವಾಲೆಯ ಮಾಪನ ಮತ್ತು ವಾಹನಗಳ ಹೊಗೆ ತಪಾಸಣೆ: ಅರ್ಜಿದಾರರಿಗೆ ಮಾಹಿತಿ

ಚೌಳಹಿರಿಯೂರು ಹೋಬಳಿಯಿಂದ ತೆಂಗಿನಕಾಯಿ ಸಾಗಿಸುವ ಡೀಸೆಲ್ ವಾಹನದ ಮಾಲೀಕರು ಹೊಗೆ ತಪಾಸಣಾ ಪ್ರಮಾಣಪತ್ರ ಪಡೆಯುವಾಗ ಅದರಲ್ಲಿ ನಮೂದಾಗಿರುವ ಅಂಕಿಯ ಅರ್ಥವನ್ನು ತಿಳಿದಿರುವುದು ಅವಶ್ಯಕ. ಹೊಗೆಯು ಎಂಜಿನ್ನಿನೊಳಗಿನ ಜ್ವಾಲೆಯ ಫಲ. ಪ್ರಯೋಗಾಲಯದಲ್ಲಿ ಆ ಜ್ವಾಲೆಯನ್ನು ಲೇಸರ್ ಕಿರಣದಿಂದಲೂ, ತಪಾಸಣಾ ಕೇಂದ್ರದಲ್ಲಿ ಹೊಗೆಯನ್ನು ಸಾಧಾರಣ ಬೆಳಕಿನಿಂದಲೂ ಅಳೆಯಲಾಗುತ್ತದೆ.

ಜ್ವಾಲೆಯೊಳಗೆ ತಾಪಮಾಪಕ ತಂತಿಯನ್ನಿಟ್ಟರೆ ಅದು ಅನಿಲದ ಹರಿವನ್ನು ಕದಡುತ್ತದೆ. ತಾನೇ ಶಾಖವನ್ನು ಹೊರಸೂಸಿ ನಿಜಕ್ಕಿಂತ ಕಡಿಮೆ ತಾಪಮಾನವನ್ನು ತೋರಿಸುತ್ತದೆ. ಲೇಸರ್ ಕಿರಣಕ್ಕೆ ಈ ತೊಡಕಿಲ್ಲ. ಇಂತಹ ಒಂದು ಮುಖ್ಯ ವಿಧಾನಕ್ಕೆ ಆಧಾರವಾಗಿರುವುದು ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಪ್ರಕಟಿಸಿದ ಬೆಳಕಿನ ಚದುರುವಿಕೆಯ ಪರಿಣಾಮ. (ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ, ಲೇಸರ್ ಬೆಳಕು ಕಂಡದ್ದು 1960ರಲ್ಲಿ.) ಅಣುಗಳಿಗೆ ತಾಗಿ ಚದುರಿದ ಬೆಳಕಿನ ಅತ್ಯಲ್ಪ ಭಾಗವು ಬಣ್ಣ ಬದಲಿಸುತ್ತದೆ. ಬದಲಾವಣೆಯ ಪ್ರಮಾಣವು ಒಂದೊಂದು ಅನಿಲಕ್ಕೆ ಒಂದೊಂದು ಬಗೆಯಾದ್ದರಿಂದ ಆಮ್ಲಜನಕ, ನೀರಾವಿ, ಇಂಗಾಲದ ಮಾನಾಕ್ಸೈಡ್ ಎಷ್ಟೆಷ್ಟಿವೆ ಎಂಬುದು ತಿಳಿಯುತ್ತದೆ. ತಾಪಮಾನ ಏರಿದಂತೆ ನೀಲಿಯ ಕಡೆಗೆ ಸರಿದ ಬೆಳಕಿನ ಪಾಲು ಕೆಂಪಿನ ಕಡೆಗೆ ಸರಿದುದಕ್ಕೆ ಹೋಲಿಸಿದಲ್ಲಿ ಹೆಚ್ಚುವುದರಿಂದ, ಆ ಅನುಪಾತವೇ ಉಷ್ಣಮಾಪಕವಾಗುತ್ತದೆ. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವು ಇದಕ್ಕೆ ಬಹಳ ಅನುಕೂಲ. ಮಸಿ ತುಂಬಿದ ಹಳದಿ ಜ್ವಾಲೆಯಲ್ಲಿ ಮಾತ್ರ ಈ ಕ್ಷೀಣ ಬೆಳಕು ಮುಳುಗಿಹೋಗುತ್ತದೆ. ಅಲ್ಲಿ ಹಲವು ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವ ವಿಧಾನ ಬೇಕಾಗುತ್ತದೆ.

ಸುಮಾರು 1500 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಸಾರಜನಕದ ಆಕ್ಸೈಡುಗಳು ಶೀಘ್ರವಾಗಿ ಉಂಟಾಗುತ್ತವೆ. ಗಾಳಿ ಸಾಲದ ಭಾಗದಲ್ಲಿ ಮಸಿ ಹುಟ್ಟುತ್ತದೆ. ಒಂದನ್ನು ತಗ್ಗಿಸಹೋದರೆ ಇನ್ನೊಂದು ಹೆಚ್ಚುವುದೇ ಡೀಸೆಲ್ ಎಂಜಿನ್ನಿನ ಕಷ್ಟ.

ತಪಾಸಣಾ ಕೇಂದ್ರದ ಯಂತ್ರವು ಹೊಗೆಯ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತೆಂಬುದನ್ನು ಹಾರ್ಟ್‌ರಿಡ್ಜ್ ಮಾನದಲ್ಲಿ ತೋರಿಸುತ್ತದೆ. ಭಾರತ್ ಸ್ಟೇಜ್-4 ಡೀಸೆಲ್ ವಾಹನಗಳಿಗೆ 50, ಅದಕ್ಕೂ ಹಿಂದಿನವಕ್ಕೆ 65 ಮಿತಿಯಾಗಿದೆ. ಪೆಟ್ರೋಲ್ ವಾಹನಗಳಲ್ಲಿ ಅತಿಗೆಂಪು ಬೆಳಕನ್ನು ಹೀರಿಕೊಳ್ಳುವ ಪ್ರಮಾಣದಿಂದ ಇಂಗಾಲದ ಮಾನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್‌ಗಳನ್ನು ಅಳೆಯಲಾಗುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಂತೆ, ಪ್ರಥಮ ನೋಂದಣಿಯಿಂದ ಒಂದು ವರ್ಷ ಕಳೆದ ವಾಹನಗಳಿಗೆ ಪ್ರಮಾಣಪತ್ರ ಕಡ್ಡಾಯ. ಇದರ ಅವಧಿ 6 ತಿಂಗಳು. ಭಾರತ್ ಸ್ಟೇಜ್-4 ಹಾಗೂ 6ರ ವಾಹನಗಳಿಗೆ 12 ತಿಂಗಳು.

ಯಂತ್ರದ ಬೆಳಕಿನ ಕಿಂಡಿಗೆ ಮಸಿ ಅಂಟಿದ್ದಲ್ಲಿ ಒಳ್ಳೆಯ ಎಂಜಿನ್ ಸಹ ಮಿತಿ ಮೀರಿದಂತೆ ಕಾಣಬಹುದು. ಆದುದರಿಂದ ತಪಾಸಣೆಗೆ ಮುನ್ನ ಯಂತ್ರವು ಸೊನ್ನೆಯನ್ನು ತೋರಿಸುತ್ತಿದೆಯೇ ಎಂಬುದನ್ನು ವಾಹನ ಮಾಲೀಕರು ನೋಡಿಕೊಳ್ಳತಕ್ಕದ್ದು.