'ಲೇಒಡಿಸೀಅನ್': ಉಗುರುಬೆಚ್ಚಗಿನ ಊರಿನ ಪದ

2009ರ ಮೇ 28ರಂದು ವಾಷಿಂಗ್ಟನ್‌ನಲ್ಲಿ ನಡೆದ ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ, ಕನ್ಸಾಸ್ ರಾಜ್ಯದ ನಿವಾಸಿ, ಕನ್ನಡ ಮೂಲದ ಹದಿಮೂರರ ಬಾಲಕಿ ಕಾವ್ಯಾ ಶಿವಶಂಕರ್ ತನ್ನ ನಾಲ್ಕನೆಯ ಪ್ರಯತ್ನದಲ್ಲಿ ಪ್ರಶಸ್ತಿ ಗೆದ್ದಳು. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆದುಕೊಳ್ಳುತ್ತ ಆಕೆ ಕೊನೆಯದಾಗಿ ಒಪ್ಪಿಸಿದ ಪದ 'ಲೇಒಡಿಸೀಅನ್'. ಧರ್ಮ ಅಥವಾ ರಾಜಕೀಯದ ವಿಷಯದಲ್ಲಿ ಉತ್ಸಾಹವನ್ನಾಗಲಿ ವಿರೋಧವನ್ನಾಗಲಿ ತೋರದ ಉದಾಸೀನ ವ್ಯಕ್ತಿ ಎಂಬುದು ಇದರ ಅರ್ಥ.

ಎಲ್, ಎ, ಒ, ಡಿ, ಐ, ಸಿ, ಇ, ಎ, ಎನ್. ಒಂಬತ್ತೇ ಅಕ್ಷರಗಳಾದರೂ ತೊಡಕು ಕಡಿಮೆಯೇನಿಲ್ಲ. ಒತ್ತು ಬೀಳುವುದು 'ಸೀ' ಮೇಲೆ; ಆದರೆ ಅಲ್ಲಿರುವುದು ಎಸ್ ಅಕ್ಷರವೋ ಸಿ ಅಕ್ಷರವೋ ಎಂಬುದನ್ನು ಕಿವಿ ಹೇಳಲಾರದು. ಕೊನೆಯಲ್ಲಿ 'ಇಎಎನ್' ಬರೆಯಬೇಕೋ 'ಐಎಎನ್' ಬರೆಯಬೇಕೋ ಎಂಬುದೂ ಅಷ್ಟೇ. ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲ ಬಿಟ್ಟರೆ ನುಡಿದಂತೆಯೇ ಬರೆಯುವ ಕನ್ನಡಿಗರಿಗೆ ಇದು ವಿಚಿತ್ರವೆನಿಸೀತು. ಇಂಥಲ್ಲಿ ನೆರವಾಗುವುದು ಪದದ ಮೂಲವೊಂದೇ. ಸ್ಪರ್ಧಿಗಳು ಪದ ಯಾವ ಭಾಷೆಯದೆಂದು ಕೇಳುವುದು ಅದಕ್ಕಾಗಿಯೇ.

ಇದರ ಮೂಲ ಒಂದು ಊರು. ಇಂದಿನ ಟರ್ಕಿಯ ಡೆನಿಜ್ಲಿ ನಗರದ ಬಳಿ, ಕ್ರಿ.ಪೂ. 3ನೇ ಶತಮಾನದಲ್ಲಿ ದೊರೆ ಎರಡನೆಯ ಆಂಟಿಯೋಕಸ್ ತನ್ನ ಪತ್ನಿ ಲಾವೊದಿಕೆಯ ಹೆಸರಿನಲ್ಲಿ ಕಟ್ಟಿಸಿದ ಪಟ್ಟಣವದು. ಗ್ರೀಕ್‌ನ 'ಕ' ಧ್ವನಿ ಲ್ಯಾಟಿನ್ ಬರಹದಲ್ಲಿ 'ಸಿ' ಅಕ್ಷರವಾಯಿತು, ಇಂಗ್ಲಿಷರ ನಾಲಿಗೆಯಲ್ಲಿ 'ಸೀ' ಆಯಿತು. ಕನ್ನಡ ಬೈಬಲ್‌ನಲ್ಲಿ ಮಾತ್ರ ಊರಿನ ಹೆಸರು ಇಂದಿಗೂ 'ಲವೊದಿಕೀಯ'. ಹಳೆಯ 'ಕ'ಕಾರ ನಮ್ಮಲ್ಲೇ ಉಳಿದಿದೆ.

ಊರು ಸಿರಿವಂತವಾಗಿತ್ತು. ಕ್ರಿ.ಶ. 60ರ ಭೂಕಂಪದಲ್ಲಿ ನೆಲಕಚ್ಚಿದಾಗಲೂ ರೋಮ್‌ನ ನೆರವು ಪಡೆಯದೆ ಸ್ವಂತ ಹಣದಿಂದ ಎದ್ದು ನಿಂತಿತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಇಂಥ ಊರಿನ ಕ್ರೈಸ್ತರನ್ನೇ ಬೈಬಲ್‌ನ ಪ್ರಕಟನೆ ಗ್ರಂಥ ಬಿಸಿಯೂ ಅಲ್ಲದ, ತಣ್ಣಗೂ ಇಲ್ಲದ ಉಗುರುಬೆಚ್ಚಗಿನವರೆಂದು ಕಟುವಾಗಿ ಜರೆಯಿತು. 17ನೇ ಶತಮಾನದ ಹೊತ್ತಿಗೆ ಆ ಬೈಗುಳವೇ ಇಂಗ್ಲಿಷಿನ ಪದವಾಗಿತ್ತು. ಕಾದಂಬರಿಕಾರ ಥಾಮಸ್ ಹಾರ್ಡಿ 1881ರಲ್ಲಿ ತನ್ನ ಕೃತಿಯೊಂದಕ್ಕೆ ಇದನ್ನೇ ಹೆಸರಾಗಿಸಿದ.

ಬೈಗುಳಕ್ಕೆ ನೀರೇ ಪ್ರೇರಣೆಯೆಂಬುದು ಹಲವು ವಿದ್ವಾಂಸರ ವಿವರಣೆ. ಸುಮಾರು 10 ಕಿ.ಮೀ. ದೂರದ ಹಿಯರಾಪೊಲಿಸ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಇನ್ನೊಂದು ನೆರೆಯೂರಾದ ಕೊಲೊಸ್ಸೆಯಲ್ಲಿ ತಣ್ಣೀರು ಹರಿಯುತ್ತಿತ್ತು. ಲವೊದಿಕೀಯಕ್ಕೆ ಬರುತ್ತಿದ್ದುದು ಕೊಳವೆಯ ನೀರು. ಊರು ತಲುಪುವಷ್ಟರಲ್ಲಿ ಅದು ಬೆಚ್ಚಗಾಗಿರುತ್ತಿತ್ತು ಎನ್ನುತ್ತಾರೆ ಅವರು. ಸುಣ್ಣ ಕಟ್ಟಿ ಬಾಯಿ ಕಿರಿದಾದ ಆ ಕೊಳವೆಗಳನ್ನು ಅಲ್ಲಿನ ಪಾಳು ಕಟ್ಟಡಗಳ ನಡುವೆ ಈಗಲೂ ನೋಡಬಹುದು.